ಕ್ಯಾಂಪರ್ ವ್ಯಾನ್: ಗೋಡೆ ಸ್ವಿಚ್ ಒತ್ತಿದ ಕೂಡಲೇ ಫ್ಯೂಸ್ ಹಾರುತ್ತಿದೆ, ಸಹಾಯ ಮಾಡಿ

ಚಕ್ರದ_ಮನೆ
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಮಲಗಿ ಉಳಿಯುವ ಹಾಗೆ ಮಾಡಿಕೊಂಡ ವ್ಯಾನಿನ ಚಾವಣಿಗೆ ಆರು ಎಲ್‌ಇಡಿ ದೀಪ ಹಾಕಿದ್ದೇನೆ, ಬಾಗಿಲ ಪಕ್ಕದ ಗೋಡೆಗೆ ಒಂದು ಸ್ವಿಚ್. ಸ್ವಿಚ್ ಇಲ್ಲದೆ ನೇರ ಜೋಡಿಸಿದರೆ ಆರೂ ಚೆನ್ನಾಗಿ ಉರಿಯುತ್ತವೆ. ಸ್ವಿಚ್ ಹಾಕಿ ಆನ್ ಮಾಡಿದರೆ ಟಪ್ ಅಂತ ಫ್ಯೂಸ್ ಹೋಗುತ್ತದೆ. ಇವತ್ತು ಏಳನೆಯದು ಹೋಯಿತು. ಹೊಸ ಸ್ವಿಚ್ ತಂದು ಹಾಕಿದೆ, ಅದೇ ಕಥೆ. ವೈರಿಂಗ್ ಎಲ್ಲ ಸರಿಯಾಗಿಯೇ ಇದೆ.

ತಂತಿ_ಪ್ರಿಯ
ಫ್ಯೂಸ್ ಎಷ್ಟು ಆಂಪ್? ವೈರ್ ಎಷ್ಟು ದಪ್ಪ? ದೀಪ ಎಷ್ಟು ವ್ಯಾಟ್? ಇದ್ಯಾವುದೂ ಗೊತ್ತಿಲ್ಲದೆ ಏನು ಹೇಳುವುದು ಸರ್?

ಚಕ್ರದ_ಮನೆ
ಕ್ಷಮಿಸಿ. 12 ವೋಲ್ಟ್, 5 ಆಂಪ್ ಫ್ಯೂಸ್, 1 ಸ್ಕ್ವೇರ್ ಎಂಎಂ ವೈರ್. ಒಂದೊಂದು ದೀಪ 3 ವ್ಯಾಟ್.

ತಂತಿ_ಪ್ರಿಯ
ಒಟ್ಟು 18 ವ್ಯಾಟ್, ಅಂದರೆ ಒಂದೂವರೆ ಆಂಪ್. ಇಷ್ಟಕ್ಕೆ 5 ಆಂಪ್ ಫ್ಯೂಸ್ ಹಾರುವುದೇ ಇಲ್ಲ. ಇದು ಓವರ್‌ಲೋಡ್ ಅಲ್ಲ, ಶಾರ್ಟ್, ಅಂದರೆ ಪಾಸಿಟಿವ್ ಎಲ್ಲೋ ನೇರ ನೆಗೆಟಿವ್‌ಗೆ ತಾಗುತ್ತಿದೆ. ಗೋಡೆಯ ಪ್ಯಾನೆಲ್ ಕೂರಿಸುವಾಗ ಸ್ಕ್ರೂ ವೈರಿಗೆ ಚುಚ್ಚಿಕೊಂಡಿರುತ್ತದೆ. ನನ್ನ ವ್ಯಾನಿನಲ್ಲೂ ಹೀಗೇ ಆಗಿತ್ತು. ಪ್ಯಾನೆಲ್ ಬಿಚ್ಚಿ.

ಹಳೇ_ಮೀಟರ್
ಬಿಚ್ಚುವ ಮೊದಲು ಎರಡು ಮಾತು ಹೇಳಿ. ನೇರ ಜೋಡಿಸಿದ್ದು ಎಲ್ಲಿ, ಫ್ಯೂಸ್ ಬಾಕ್ಸ್ ಹತ್ತಿರವಾ ಸ್ವಿಚ್ ಜಾಗದಲ್ಲಾ? ಸ್ವಿಚ್ ಹಿಂದೆ ಎಷ್ಟು ಪಿನ್ ಇವೆ?

ದಾರಿ_ದೀಪ
ಎಲ್ಲಕ್ಕಿಂತ ಮೊದಲು, ಅದು ಮನೆಗೆ ಹಾಕುವ ಸ್ವಿಚ್ಚಾ? ಹಾಗಿದ್ದರೆ ಕಿತ್ತು ಹಾಕಿ. ಎಸಿ (ಮನೆಯ ಕರೆಂಟ್) ಸ್ವಿಚ್ಚನ್ನು ಡಿಸಿಗೆ (ಬ್ಯಾಟರಿ ಕರೆಂಟಿಗೆ) ಬಳಸಲೇಬಾರದು. 50 ಹರ್ಟ್ಸ್ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವೇ ಇಲ್ಲ, ಕಾಂಟ್ಯಾಕ್ಟ್ ಸುಡುತ್ತದೆ.

ತಂತಿ_ಪ್ರಿಯ
12 ವೋಲ್ಟ್, ಒಂದೂವರೆ ಆಂಪಿಗೆ ಯಾವ ಕಿಡಿ ಗುರು? ಮನೆ ಸ್ವಿಚ್ ನನ್ನಲ್ಲಿ ವರ್ಷಗಳಿಂದ ನಡೆಯುತ್ತಿದೆ. ಸುಮ್ನೆ ಹೆದರಿಸಬೇಡಿ.

ದಾರಿ_ದೀಪ
ಇವತ್ತು ದೀಪ, ನಾಳೆ ಅದೇ ಸ್ವಿಚ್ಚಿಗೆ ನೀರಿನ ಪಂಪ್ ಜೋಡಿಸುತ್ತಾರೆ. ಡಿಸಿ ರೇಟಿಂಗ್ ನೋಡಿ ತರುವುದರಲ್ಲಿ ತಪ್ಪೇನು? ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಬೆಟ್ಟದ_ಗಾಳಿ
ನನ್ನದು 200 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿ, ಮೇಲೆ 400 ವ್ಯಾಟ್ ಸೋಲಾರ್. ಪ್ರತಿ ದೀಪದ ಸಾಲಿಗೂ ಬೇರೆ ಫ್ಯೂಸ್, ಎಲ್ಲ ವೈರಿಗೂ ಹೆಸರಿನ ಚೀಟಿ. ಫ್ರಿಜ್ ರಾತ್ರಿಯಿಡೀ ಓಡಿದರೂ ಬೆಳಗ್ಗೆ ಬ್ಯಾಟರಿ ಅರ್ಧಕ್ಕಿಂತ ಮೇಲೆಯೇ ಇರುತ್ತದೆ. ಫೋಟೋ ಬೇಕಾದರೆ ಹಾಕುತ್ತೇನೆ.

ಚಕ್ರದ_ಮನೆ
ಎರಡು ಗಂಟೆ ಕೂತು ಪ್ಯಾನೆಲ್ ಬಿಚ್ಚಿದೆ. ವೈರ್ ಎಲ್ಲೂ ಚುಚ್ಚಿಲ್ಲ, ಸಿಪ್ಪೆಯೂ ಸುಲಿದಿಲ್ಲ. ಇನ್ನು ಉಳಿದಿರುವುದು ಎರಡೇ ಫ್ಯೂಸ್.

ತಂತಿ_ಪ್ರಿಯ
ಚಾವಣಿ ಕಡೆಯೂ ನೋಡಿದಿರಾ? ಸ್ಕ್ರೂ ಅಲ್ಲಿ ಚುಚ್ಚಿರಬಹುದು.

ಹಳೇ_ಮೀಟರ್
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ ಅಣ್ಣ. ಇರುವ ಫ್ಯೂಸ್ ಹಾಳು ಮಾಡಬೇಡಿ. ಫ್ಯೂಸ್ ತೆಗೆದು ಅದರ ಜಾಗಕ್ಕೆ ಗಾಡಿಯ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಜೋಡಿಸಿ. ಸ್ವಿಚ್ ಒತ್ತಿದಾಗ ಅದು ಪೂರ್ತಿ ಬೆಳಗಿ ಚಾವಣಿ ಕತ್ತಲಾಗಿಯೇ ಇದ್ದರೆ ಶಾರ್ಟ್ ಅಂತ ಖಚಿತ. ಶಾರ್ಟ್ ಇದ್ದರೂ ಎರಡು ಆಂಪಿಗಿಂತ ಜಾಸ್ತಿ ಹರಿಯಲು ಬಲ್ಬ್ ಬಿಡುವುದಿಲ್ಲ. ಆದರೆ ತುಂಬಾ ಬಿಸಿಯಾಗುತ್ತದೆ, ಬಟ್ಟೆಗೆ ತಾಗದ ಹಾಗೆ ನೇತುಹಾಕಿ.

ಚಕ್ರದ_ಮನೆ
ಮಾಡಿದೆ. ಬಲ್ಬ್ ಪೂರ್ತಿ ಬೆಳಗಿತು, ಚಾವಣಿ ಕತ್ತಲು. ನೇರ ಜೋಡಿಸಿದ್ದು ಸ್ವಿಚ್ ಜಾಗದಲ್ಲೇ, ಸ್ವಿಚ್ಚಿಗೆ ಬರುವ ಎರಡು ಕೆಂಪು ವೈರ್ ಸೇರಿಸಿ. ಸ್ವಿಚ್ಚಿಗೆ ಮೂರು ಪಿನ್, ಒಳಗೆ ಸಣ್ಣ ನೀಲಿ ದೀಪ ಇದೆ. ಅದು ಮುಖ್ಯ ಅಂತ ಅನ್ನಿಸಿರಲಿಲ್ಲ. ಮನೆಯ ಟೂ-ವೇ (ಒಂದೇ ದೀಪವನ್ನು ಎರಡು ಕಡೆಯಿಂದ ಆನ್-ಆಫ್ ಮಾಡುವ) ಸ್ವಿಚ್ಚಿನ ಹಾಗೆ ಮಧ್ಯದ ಪಿನ್ನಿಗೆ ಬ್ಯಾಟರಿ ಪಾಸಿಟಿವ್ ಕೊಟ್ಟೆ. ಒಂದು ತುದಿಗೆ ನೆಗೆಟಿವ್, ಹಿತ್ತಾಳೆ ಬಣ್ಣದ ಪಿನ್ನಿಗೆ ದೀಪದ ವೈರ್.

ಹಳೇ_ಮೀಟರ್
ಸಿಕ್ಕಿತು! ಅದು ಟೂ-ವೇ ಅಲ್ಲ. ಮೂರನೇ ಪಿನ್ ಇರುವುದು ಆ ನೀಲಿ ದೀಪದ ನೆಗೆಟಿವ್‌ಗೆ ಮಾತ್ರ. ನೀವು ಆನ್ ಮಾಡಿದಾಗ ಮಧ್ಯದ ಪಿನ್ ತುದಿಯ ಪಿನ್ನಿಗೆ ಕೂಡುತ್ತದೆ, ಅಂದರೆ ಪಾಸಿಟಿವ್ ನೇರ ನೆಗೆಟಿವ್‌ಗೆ. ಫ್ಯೂಸ್ ಇನ್ನೇನು ಮಾಡುತ್ತದೆ ಪಾಪ, ಅದು ಇಲ್ಲದಿದ್ದರೆ ವೈರೇ ಸುಡುತ್ತಿತ್ತು.

ಸಾಮಾನ್ಯವಾಗಿ ಹಿತ್ತಾಳೆ ಪಿನ್ ನೆಗೆಟಿವ್, ಮಧ್ಯದ್ದು ದೀಪಕ್ಕೆ, ಇನ್ನೊಂದು ತುದಿ ಫ್ಯೂಸಿನಿಂದ ಬರುವ ಪಾಸಿಟಿವ್. ಬಣ್ಣ ನಂಬಿ ಕೂರಬೇಡಿ. ಸ್ವಿಚ್ ಬಿಚ್ಚಿ ಕೈಯಲ್ಲಿ ಹಿಡಿದು, ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಪಿನ್ ಒಳಗೆ ಕೂಡಿದ್ದರೆ ಕೂಗುವ ಜಾಗಕ್ಕೆ) ಇಟ್ಟು ನೋಡಿ. ಆನ್ ಮಾಡಿದಾಗ ಯಾವ ಜೋಡಿ ಕೂಗುತ್ತದೋ ಅವೆರಡು ಪಾಸಿಟಿವ್ ಮತ್ತು ದೀಪ, ಉಳಿದದ್ದು ನೆಗೆಟಿವ್. ಪಾಸಿಟಿವ್ ಮತ್ತು ದೀಪದ ವೈರ್ ಅದಲು ಬದಲಾದರೆ ಚಾವಣಿ ದೀಪ ಆಫ್ ಆದರೂ ನೀಲಿ ದೀಪ ಉರಿಯುತ್ತಲೇ ಇರುತ್ತದೆ. ಆಗ ಅವೆರಡನ್ನೇ ಅದಲು ಬದಲು ಮಾಡಿ.

ಚಕ್ರದ_ಮನೆ
ಉರಿಯಿತು! ಆರೂ ಉರಿಯುತ್ತಿವೆ, ಫ್ಯೂಸ್ ಗಟ್ಟಿಯಾಗಿದೆ. ಹೊಸ ಸ್ವಿಚ್ಚನ್ನೂ ಅದೇ ತಪ್ಪಿನಲ್ಲಿ ಹಾಕಿದ್ದೆ ನೋಡಿ. ಹಳೇ ಮೀಟರ್ ಅಣ್ಣ, ತುಂಬಾ ಉಪಕಾರವಾಯಿತು. ಇನ್ನೊಂದು ಕೇಳಲಾ? ಹಾಸಿಗೆ ಪಕ್ಕದಿಂದಲೂ ಇದೇ ದೀಪ ಆರಿಸಬೇಕು.

ಹಳೇ_ಮೀಟರ್
ಅದಕ್ಕೆ ನಿಜವಾದ ಟೂ-ವೇ ಎರಡು ಬೇಕು. ಒಂದರ ಮಧ್ಯಕ್ಕೆ ಪಾಸಿಟಿವ್, ಇನ್ನೊಂದರ ಮಧ್ಯದಿಂದ ದೀಪಕ್ಕೆ. ಉಳಿದ ತುದಿಗಳನ್ನು ಎರಡು ವೈರಿನಿಂದ ಒಂದಕ್ಕೊಂದು ಕೂಡಿಸಿ. ನೀಲಿ ದೀಪದ ಸ್ವಿಚ್ ಅಲ್ಲಿಗೆ ಬೇಡ.

ದಾರಿ_ದೀಪ
ಡಿಸಿ ರೇಟಿಂಗ್ ಇರುವುದನ್ನೇ ತನ್ನಿ.

ತಂತಿ_ಪ್ರಿಯ
ಮತ್ತೆ ಶುರು! ಸರಿ, ನನ್ನ ಸ್ಕ್ರೂ ಲೆಕ್ಕ ತಪ್ಪಿತು. ಆದರೂ ಪ್ಯಾನೆಲ್ ಮುಚ್ಚುವ ಮೊದಲು ವೈರ್ ತಗಡು ದಾಟುವ ತೂತಿಗೆಲ್ಲ ರಬ್ಬರ್ ಬುಷ್ ಹಾಕಿ. ಗಾಡಿ ಅಲುಗಾಡುತ್ತದೆ, ತಗಡಿನ ಅಂಚು ನಿಧಾನವಾಗಿ ವೈರ್ ಕೊಯ್ಯುತ್ತದೆ.

ಮಳೆ_ಪಯಣ
ಇಲ್ಲೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ದೀಪಗಳು ಸ್ವಿಚ್ ಆಫ್ ಮಾಡಿದ ಮೇಲೂ ಸಣ್ಣಗೆ ಮಿಣುಕುತ್ತವೆ. ಸ್ವಿಚ್ಚನ್ನು ನೆಗೆಟಿವ್ ಕಡೆ ಹಾಕಿದ್ದೇನೆ, ದೀಪದ ಲೋಹದ ಚೌಕಟ್ಟು ಗಾಡಿಯ ಬಾಡಿಗೆ ತಾಗಿದೆ. ಅದರಿಂದಲೇ ಇರಬಹುದಾ?