ಕಫದ ವರದಿಯಲ್ಲಿ ಮತ್ತೆ ಸ್ಯೂಡೋಮೊನಾಸ್: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ, ಮಂಡ್ಯದಿಂದ: ಒಂಬತ್ತು ವರ್ಷದ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟುವ ಆನುವಂಶಿಕ ಕಾಯಿಲೆ) ಇದೆ. ಕಫದ ಕಲ್ಚರ್‌ನಲ್ಲಿ (ಪ್ರಯೋಗಾಲಯದಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆ) ಮೂರನೇ ಸಲವೂ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಕಾಣಿಸಿಕೊಂಡಿದ್ದು, ಬಹುತೇಕ ಔಷಧಿಗಳ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬಗ್ಗದ್ದು) ಎಂದಿದೆ. ಮನೆಯಲ್ಲಿ ನಾವು ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ, ಮೈಸೂರಿನ ಕುವೆಂಪುನಗರದಿಂದ: ಇದೇ ಕಾಯಿಲೆಯಿರುವ ನನ್ನ ಮಗನಿಗೆ ಈಗ ಹದಿನೇಳು. ಅವನ ಕೆಮ್ಮನ್ನು ಮೊದಲು ಕ್ಷಯವೆಂದೇ ತಿಳಿದು ಆರು ತಿಂಗಳು ಮಾತ್ರೆ ನುಂಗಿಸಿದ ಕಥೆ ಬೇರೆ. ‘ಆರ್’ ಕಂಡು ನಾವೂ ಕಂಗಾಲಾಗಿದ್ದೆವು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಸೋತ ಔಷಧಿ ಎದೆಯೊಳಗೂ ಸೋಲಲೇಬೇಕೆಂದಿಲ್ಲ, ಅಲ್ಲಿ ಗೆದ್ದದ್ದು ಇಲ್ಲಿ ಗೆಲ್ಲುತ್ತದೆಂಬ ಖಾತರಿಯೂ ಇಲ್ಲ. ಏಕೆಂದರೆ ಈ ಬ್ಯಾಕ್ಟೀರಿಯಾ ಗಟ್ಟಿ ಕಫದಲ್ಲಿ ಲೋಳೆಯ ಗೂಡು ಕಟ್ಟಿಕೊಂಡು ಅದರ ಮರೆಯಲ್ಲಿ ಉಳಿಯುತ್ತದೆ. ನೆಬ್ಯುಲೈಸರ್ (ಔಷಧಿಯನ್ನು ಉಸಿರಲ್ಲಿ ಎಳೆದುಕೊಳ್ಳುವ ಮಂಜಾಗಿಸುವ ಯಂತ್ರ) ಮೂಲಕ ಕೊಟ್ಟ ಟೋಬ್ರಾಮೈಸಿನ್ ಎಂಬ ಆಂಟಿಬಯಾಟಿಕ್ ಶ್ವಾಸನಾಳದಲ್ಲಿ ಬಹಳ ಹೆಚ್ಚಿನ ಸಾಂದ್ರತೆಯಲ್ಲಿ ಸೇರುವುದರಿಂದ, ವರದಿ ಹಾಗಿದ್ದರೂ ನಮ್ಮ ವೈದ್ಯರು ಅದನ್ನು 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, 28 ದಿನ ಕೊಟ್ಟು 28 ದಿನ ಬಿಡುವ ಕ್ರಮದಲ್ಲಿ ಮುಂದುವರಿಸಿದರು. ನಿಮ್ಮ ಮಗಳಿಗೆ ಯಾವುದು ಸರಿಯೆಂದು ಅವಳ ವೈದ್ಯರೇ ಹೇಳಬೇಕು.

ತಪ್ಪು ನಮ್ಮ ಕೈಯಲ್ಲೇ ಇತ್ತು. ಶಾಲೆಯ ವ್ಯಾನ್ ಬರುವ ಅವಸರದಲ್ಲಿ ಆಂಟಿಬಯಾಟಿಕ್ ಮೊದಲು ಕೊಟ್ಟು, ಎದೆ ತಟ್ಟುವುದನ್ನು ಸಂಜೆಗೆ ದೂಡುತ್ತಿದ್ದೆವು; ಔಷಧಿಯೆಲ್ಲ ಕಫದ ಮೇಲೆ ಕುಳಿತು ಕೆಮ್ಮಿನೊಡನೆ ಹೊರಬರುತ್ತಿತ್ತು. ಮೊದಲು ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್, ಬಳಿಕ ಶೇ. 7ರ ಉಪ್ಪುದ್ರಾವಣ, ಆಮೇಲೆ ಕಫ ತೆಗೆಸುವ ಫಿಸಿಯೋಥೆರಪಿ, ಕಟ್ಟಕಡೆಗೆ ಆಂಟಿಬಯಾಟಿಕ್ ಎಂಬ ಕ್ರಮವನ್ನು ಬೆಳಿಗ್ಗೆ ಐದೂವರೆಗೆ ಎದ್ದು ಪಾಲಿಸತೊಡಗಿದೆವು. ಇನ್ನೊಂದು, ನೆಬ್ಯುಲೈಸರ್ ಬಟ್ಟಲು. ನಲ್ಲಿಯಲ್ಲಿ ತೊಳೆದು ಒದ್ದೆಯಾಗಿಯೇ ಡಬ್ಬಿಗೆ ಹಾಕುತ್ತಿದ್ದೆವು. ಒಂದು ದಿನ ಬೆರಳಾಡಿಸಿದರೆ ತಳದಲ್ಲಿ ಜಾರುವ ಪೊರೆ! ಸ್ಯೂಡೋಮೊನಾಸ್‌ಗೆ ತೇವವೇ ತವರು. ಈಗ ಸೋಪಿನಲ್ಲಿ ತೊಳೆದು, ಐದು ನಿಮಿಷ ಕುದಿಸಿ, ಒಗೆದ ಬಟ್ಟೆಯ ಮೇಲೆ ಪೂರ್ತಿ ಒಣಗಿಸುತ್ತೇವೆ. ನಿಮ್ಮ ಬಟ್ಟಲು ಕುದಿಸುವಂಥದ್ದೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಉತ್ತರ, ಶ್ರೀರಂಗಪಟ್ಟಣದಿಂದ: ನಾನೇ ರೋಗಿ, ವಯಸ್ಸು ಇಪ್ಪತ್ತಾರು. ಮೇಲಿನವರ ಮಾತಿಗೆ ಎರಡನ್ನು ಸೇರಿಸುತ್ತೇನೆ. ಇದೇ ಕಾಯಿಲೆಯ ಇನ್ನೊಂದು ಮಗುವಿನೊಡನೆ ನಿಮ್ಮ ಮಗಳನ್ನು ಆಡಲು ಬಿಡಬೇಡಿ; ಕೇಳಲು ನಿಷ್ಠುರವೆನಿಸಿದರೂ, ಈ ಸೋಂಕುಗಳು, ಅದರಲ್ಲೂ ಬರ್ಕ್‌ಹೋಲ್ಡೇರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ್ದು, ಒಬ್ಬರಿಂದೊಬ್ಬರಿಗೆ ದಾಟುತ್ತವೆ. ನನ್ನ ಆಪ್ತ ಗೆಳತಿಗೂ ಇದೇ ಕಾಯಿಲೆ, ಆರು ವರ್ಷಗಳಿಂದ ಫೋನಿನಲ್ಲೇ ಮಾತು. ಎರಡನೆಯದು, ಅಮಿಕಾಸಿನ್ ಅಥವಾ ಟೋಬ್ರಾಮೈಸಿನ್ ಅನ್ನು ರಕ್ತನಾಳಕ್ಕೆ ಕೊಡುವುದಾದರೆ ಶ್ರವಣ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನು ಕೇಳಿ ಮಾಡಿಸಿ; ಈ ಆಂಟಿಬಯಾಟಿಕ್‌ಗಳು ಅವೆರಡಕ್ಕೂ ಹಾನಿ ಮಾಡಬಹುದು. ಕಿವಿಯಲ್ಲಿ ಜೀರುಂಡೆಯಂತೆ ಗುಂಯ್‌ಗುಡುತ್ತಿದ್ದುದನ್ನು ನಾನು ಹತ್ತು ದಿನ ಯಾರಿಗೂ ಹೇಳಿರಲಿಲ್ಲ.