ಹಾಯಿಗೆ ಕೈಯಿಂದ ಬಣ್ಣ: ಹತ್ತಿಯೋ ಪಾಲಿಯೆಸ್ಟರೋ? ಮಾಡಿದವರು ಹೇಳಿ

ಮಲ್ಪೆಯಿಂದ ಪ್ರಶ್ನೆ: ನಮ್ಮ ಓಣಿಯವರು, ಮಕ್ಕಳು ಎಲ್ಲ ಸೇರಿ 20 ಅಡಿ ಎತ್ತರ, 15 ಅಡಿ ಅಗಲದ ಹಾಯಿಗೆ ಬಣ್ಣ ಬಳಿದು ಕಡಲ ಬದಿಯಲ್ಲಿ ಏರಿಸಬೇಕು ಅಂತಿದ್ದೇವೆ. ಯಾವ ಬಟ್ಟೆ ತಗೊಳ್ಳೋದು?

ಬೆಂಗ್ರೆಯವರು: ನಮ್ಮದೂ ಅಷ್ಟೇ ದೊಡ್ಡದು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕ್ಯಾನ್ವಾಸ್, 5 ಅಡಿ ಪನ್ನ, ಮೀಟರಿಗೆ 210 ರೂಪಾಯಿ, 20 ಮೀಟರ್. ಬಟ್ಟೆಗೇ 4,200 ಹೋಯಿತು. ಹೊಲಿಗೆಗೆ 3,500. ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳಿಗೆ ಬೇರೆ 640. ಬಣ್ಣ ಹಚ್ಚುವ ಮೊದಲೇ ತೂಕ ಎಂಟು ಕಿಲೋ ದಾಟಿತ್ತು, ಮತ್ತೆ ಹತ್ತಿ ಬಣ್ಣ ಕುಡಿಯುತ್ತದೆ ಮಾರಾಯ್ರೆ, ಮೊದಲ ಕೋಟ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಿಹಿನೀರಲ್ಲಿ ತೊಳೆದು ಒಣಗಿಸಿಯೇ ಎತ್ತಿಟ್ಟದ್ದು, ಆದರೂ ಆಟಿ ತಿಂಗಳ ಮಳೆಯಲ್ಲಿ ಕಪ್ಪು ಚುಕ್ಕೆ ಹಿಡಿಯಿತು. ಆದರೂ ಹತ್ತಿಯೇ. ಮಕ್ಕಳ ಕುಂಚ ಅದರ ಮೇಲೆ ಜಾರುವುದಿಲ್ಲ.

ಉಡುಪಿಯವರು: ಚುಕ್ಕೆ ಹಿಡಿದ ಮೇಲೂ ಹತ್ತಿಯೇ ಅಂದರೆ ಏನು ಹೇಳೋದು? ನಮ್ಮ ಪಾಲಿಯೆಸ್ಟರ್ ಮಳೆಗಾಲ ಕಳೆದೂ ಚೆನ್ನಾಗಿದೆ. ಬಟ್ಟೆಗೆ 5,800. ಅಕ್ರಿಲಿಕ್ ಬಣ್ಣಕ್ಕೆ ಫ್ಯಾಬ್ರಿಕ್ ಮೀಡಿಯಂ (ಬಣ್ಣ ಬಟ್ಟೆಗೆ ಹಿಡಿಯಲು ಹಾಕುವ ದ್ರವ) ಬೆರೆಸಿದ್ದಕ್ಕೆ ಇನ್ನೂ 1,900. ಬಣ್ಣ ಗಟ್ಟಿಯಾಗಿ ಕೂರಲಿ ಅಂತ ಇಸ್ತ್ರಿಗೆ ಕೊಟ್ಟಲ್ಲಿ ಹತ್ತಿಯ ಬಿಸಿ ಇಟ್ಟು ಒಂದು ಮೂಲೆ ಮುರುಟಿಸಿದರು. ದುಡ್ಡು ವಾಪಸ್ ಬರಲಿಲ್ಲ, ಆ ಸಿಟ್ಟು ಈಗಲೂ ಇದೆ. ಮಡಚಿದರೆ ಬಣ್ಣ ಬಿರಿಯುತ್ತದೆ, ಪಿವಿಸಿ ಪೈಪಿಗೆ ಸುತ್ತಿಡಿ.

ಪಣಂಬೂರಿನವರು: ಬಣ್ಣ ಯಾಕೆ ಬೇಕು? ಗಾಳಿಪಟದ ತಂಡ ಟೀಮ್ ಮಂಗಳೂರಿನವರ 36 ಅಡಿಯ ಕಥಕ್ಕಳಿ ಗಾಳಿಪಟ ನೋಡಿದ್ದೀರಲ್ವಾ? ಬಣ್ಣದ ರಿಪ್‌ಸ್ಟಾಪ್ (ಹರಿದರೂ ಸೀಳು ಮುಂದೆ ಹೋಗದಂತೆ ನೇಯ್ದ) ನೈಲಾನ್ ತುಂಡು ಹೊಲಿದು ಮಾಡಿದ್ದು. ಬಿಸಿಲು ಹಿಂದಿನಿಂದ ಬಿದ್ದರೆ ನೈಲಾನ್ ಬೆಳಗುತ್ತದೆ, ದಪ್ಪ ಅಕ್ರಿಲಿಕ್ ಬಳಿದದ್ದು ಕಪ್ಪಾಗಿ ಕಾಣುತ್ತದೆ.

ಬೆಂಗ್ರೆಯವರು: ಹೊಲಿಗೆ ಮೆಷಿನ್ ಮುಂದೆ ಮೂವತ್ತು ಮಕ್ಕಳನ್ನು ಕೂರಿಸ್ತೀರಾ? ಸೇರಿ ಮಾಡೋದು ಅಂದರೆ ಎಲ್ಲರ ಕೈಯೂ ಬೀಳಬೇಕು.

ಕಾಪುವಿನವರು: ಎಲ್ಲರ ಕೈ ಅಂತ ಹೇಳೋದು ಸುಲಭ. ನಮ್ಮಲ್ಲಿ ನನ್ನ ಮಗಳು ಬಿಡಿಸಿದ ಬಂಗುಡೆ ಮೀನಿನ ಮೇಲೆ ರಾತ್ರಿ ಯಾರೋ ದೊಡ್ಡವರು ನೀಲಿ ಬಳಿದಿದ್ದರು. ಕೇಳಿದರೆ 'ಬ್ಯಾಲೆನ್ಸ್'ಗೆ ಅಂತೆ. ಬಟ್ಟೆ ಯಾವುದಾದರೂ ತಗೊಳ್ಳಿ, ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಮುಟ್ಟಬಾರದು ಅಂತ ಮೊದಲೇ ಬರೆದು ಅಂಟಿಸಿ.

ಉಡುಪಿಯವರು: ಅದು ಸರಿಯಲ್ಲ. ದೂರದಿಂದ ನೋಡುವಾಗ ಇಡೀ ಹಾಯಿ ಒಂದೇ ಚಿತ್ರ ಅನಿಸಬೇಕು. ನಮ್ಮಲ್ಲೂ ಇಬ್ಬರು ಕೊನೆಗೆ ತಿದ್ದಿದರು, ಅದಕ್ಕೇ ಚೆನ್ನಾಗಿ ಬಂತು.

ಕಾಪುವಿನವರು: ಹಾಗಾದರೆ ಆ ಇಬ್ಬರೇ ಮಾಡಬಹುದಿತ್ತು, ಮಕ್ಕಳನ್ನು ಕರೆದದ್ದು ಯಾಕೆ? ಮಗಳು ಆಮೇಲೆ ಹಾಯಿ ಏರಿಸುವ ದಿನ ಬರಲೇ ಇಲ್ಲ.