ಡೆವಲಪರ್ ಕಾಗದಕ್ಕ ಸಹಿ ಹಾಕೋ ಮೊದಲ: ನಮ್ಮ ಕಲಬುರಗಿ ಬಡಾವಣೆ ಸಂಘದ ನೋಂದಣಿ (ಪ್ಲಾಟ್ ಮಾಲೀಕರ ಮಾತುಕತಿ)

ಪ್ಲಾಟ್ 31: ಎಲ್ಲರಿಗೂ ಡೆವಲಪರ್ ಕಡಿಂದ ಕಾಗದ ಬಂದದ. ಬರೋ ತಿಂಗಳಿಂದ ಬೀದಿ ದೀಪ, ಬೋರ್‌ವೆಲ್, ಪಾರ್ಕ್ ನಿವಾಸಿಗಳೇ ನೋಡ್ಕೋಬೇಕಂತ. ‘ಸುಸ್ಥಿತಿಯಲ್ಲಿ ವಹಿಸಿಕೊಂಡಿದ್ದೇವೆ’ ಅನ್ನೋ ಸಾಲಿನ ಕೆಳಗ ಸಹಿ ಕೇಳ್ಯಾರ. ಯಾರೂ ಹಾಕಬ್ಯಾಡ್ರಿ. ಮೊದಲ ಸಂಘ, ಆಮ್ಯಾಲ ಜಂಟಿ ತಪಾಸಣೆ, ಸಹಿ ಕಡೀಗೆ.

ಪ್ಲಾಟ್ 112: ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿ ಮಾಡಿದ್ರ ಗಟ್ಟಿ ಅಂತಾರಲ್ರಿ?

ಪ್ಲಾಟ್ 9: ಇಲ್ಲ ಸರ್. 1972ರ ಆ ಕಾಯ್ದೆ ಫ್ಲಾಟ್‌ಗಳಿಗೆ. ನಮ್ಮದು ಬಿಡಿ ಪ್ಲಾಟು, ಎಲ್ಲಾರ್ದೂ ಬ್ಯಾರೆ ಬ್ಯಾರೆ ಖಾತಾ. ನಮಗ ಸರಿಹೊಂದೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ 7 ಮಂದಿ ಸಹಿ ಸಾಕು. ಹೋಗಬೇಕಾದ್ದು ಪ್ಲಾಟ್ ರಿಜಿಸ್ಟ್ರಿ ಆದ ಸಬ್ ರಿಜಿಸ್ಟ್ರಾರ್ ಆಫೀಸಿಗಲ್ಲ, ಸಹಕಾರ ಇಲಾಖೆ ಉಪನಿಬಂಧಕರ ಕಚೇರಿಗೆ. ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಅವರೇ.

ಅರ್ಜಿ ವಾಪಸ್ ಬರೋದು ಸಣ್ಣ ಸಣ್ಣ ಕಾರಣಕ್ಕ. ಸಂಘದ ಜ್ಞಾಪನಪತ್ರದಾಗ (ಸಂಘದ ಹೆಸರು, ಉದ್ದೇಶ ಬರೆಯೋ ಮೂಲ ದಾಖಲೆ) ಪದಾಧಿಕಾರಿಗಳ ಹೆಸರು, ವಿಳಾಸ, ಉದ್ಯೋಗ ಮೂರೂ ಇರಬೇಕು. ಉದ್ಯೋಗದ ಕಾಲಂ ಖಾಲಿ ಬಿಡಬ್ಯಾಡ್ರಿ, ಮನಿ ನೋಡ್ಕೊಳ್ಳೋರಿದ್ರ ‘ಗೃಹಿಣಿ’ ಅಂತ ಬರೀರಿ. ಆಧಾರ್‌ದಾಗ ಇದ್ದ ಹೆಸರೇ, ಅದೇ ಇನಿಶಿಯಲ್ ಎಲ್ಲಾ ಹಾಳಿ ಮ್ಯಾಲ ಇರಲಿ. ಸಂಘದ ವಿಳಾಸ ಯಾರದರ ಮನೀದು ಕೊಟ್ರ ಆ ಮಾಲೀಕರ ಒಪ್ಪಿಗೆ ಪತ್ರ, ತೆರಿಗೆ ರಸೀದಿ ಜೊತಿಗಿಡ್ರಿ. ಇರೋ ಸಂಘದ ಹೆಸರನ್ನೇ ಹೋಲೋ ಹೆಸರು ಕೊಡೋದಿಲ್ಲ, ಮೂರು ಹೆಸರು ಬರ್ಕೊಂಡು ಹೋಗ್ರಿ.

ಪ್ಲಾಟ್ 67: ಬೈಲಾ, ಅಂದ್ರ ಸಂಘದ ನಿಯಮಾವಳಿ, ಯಾವುದಾದ್ರೂ ಸಂಘದ್ದು ತಂದು ಹೆಸರು ಬದಲಿಸಿದ್ರ ಆಗೋದಿಲ್ಲೇನು?

ಪ್ಲಾಟ್ 9: ಆಗ್ತದ, ಆದ್ರ ಎರಡು ಕಲಮು ನಮ್ಮ ಪರಿಸ್ಥಿತಿಗೆ ತಕ್ಕಂಗ ಬರೀಬೇಕು. ಒಂದು ಕೋರಂ, ಅಂದ್ರ ಸಭೆ ನಡಸಾಕ ಬೇಕಾದ ಕನಿಷ್ಠ ಹಾಜರಿ. 180 ಪ್ಲಾಟಿನಾಗ ಮನಿ ಆಗಿದ್ದು 64. ಉಳಿದ ಮಾಲೀಕರು ಪುಣೆ, ಹೈದರಾಬಾದ್, ಬೆಂಗಳೂರಿನಾಗ. ಅರ್ಧ ಸದಸ್ಯರು ಬೇಕಂತ ಬರೆದ್ರ ಒಂದು ಸಭೆನೂ ನಡ್ಯಾಂಗಿಲ್ಲ. ನಾಲ್ಕರಲ್ಲಿ ಒಂದು ಪಾಲು ಅಂತ ಇಡ್ರಿ, ಅಷ್ಟೂ ಬರ್ಲಿಲ್ಲ ಅಂದ್ರ ಸಭೆ ಅರ್ಧ ತಾಸು ಮುಂದೂಡಿ ಬಂದವರ ಮ್ಯಾಲ ನಡಸೋ ಅವಕಾಶ ಬರೀರಿ.

ಎರಡನೇದು ಮತ. ಪ್ಲಾಟಿಗೊಂದು ಮತ ಅಂದ್ರ ಮಾರದೇ ಉಳಿದ ಪ್ಲಾಟುಗಳ ಲೆಕ್ಕದಾಗ ಡೆವಲಪರ್ ಕೈಯಾಗೇ ಸಂಘ ಹೋಗ್ತದ. ಎಷ್ಟೇ ಪ್ಲಾಟಿರಲಿ, ಸದಸ್ಯನಿಗೆ ಒಂದೇ ಮತ. ವಂತಿಗೆ ಮಾತ್ರ ಪ್ಲಾಟ್ ಲೆಕ್ಕದಾಗ. 3 ತಿಂಗಳ ಬಾಕಿ ಇದ್ರ ಮತ ಇಲ್ಲ.

ಪ್ಲಾಟ್ 54: ತಪಾಸಣೆ ಬಗ್ಗೆ ನಾ ಹೇಳ್ತೀನಿ. ನಮ್ಮದು ಎರಿಭೂಮಿ, ತೊಗರಿ ಬೆಳಿತಿದ್ದ ಹೊಲ. ಮಳಿಗೆ ಉಬ್ಬಿ ಬ್ಯಾಸಿಗ್ಯಾಗ ಬಿರಿಯೋ ಮಣ್ಣು. ಅಗೆದ ಎರಿಮಣ್ಣೇ ಪೈಪಿನ ಮ್ಯಾಲ ಮುಚ್ಚಿ ಡಾಂಬರ್ ಹಾಕಿದ್ರ ಒಂದೇ ಮಳಿಗಾಲದಾಗ ರಸ್ತೆ ಕುಸಿದು ಚೇಂಬರ್ ಮುಚ್ಚಳ ಗೇಣುದ್ದ ಮ್ಯಾಲ ಏಳ್ತದ. ಮೂರನೇ ಅಡ್ಡರಸ್ತ್ಯಾಗ ಆಗ್ಲೇ ಹಂಗಾಗ್ಯದ. ಮುರಂ (ಗರಸು ಮಣ್ಣು) ಹಾಕಿ, ನೀರುಣಿಸಿ, ಪದರ ಪದರಾಗಿ ರೋಲರ್ ಓಡಿಸಬೇಕಿತ್ತು.

ಒಳಚರಂಡಿ ನೋಡೋ ರೀತಿ: ಒಂದರ ಹಿಂದೊಂದು ಇರೋ ಎರಡು ಚೇಂಬರ್ ತೆಗೀರಿ. ಮ್ಯಾಲಿನದ್ರಾಗ ನಾಕು ಕೊಡ ಕುಂಕುಮದ ನೀರು ಸುರೀರಿ. ಕೆಳಗಿನದ್ರಾಗ ಬಣ್ಣ ಲಗೂನೆ ಕಾಣಬೇಕು. ತಡಾ ಆದ್ರ ನಡುವ ಪೈಪು ಜೋತುಬಿದ್ದದ, ಕಾಣಲೇ ಇಲ್ಲಂದ್ರ ಒಡದದ ಇಲ್ಲಾ ಕಟ್ಟ್ಯದ. ಪ್ರತಿ ಅಡ್ಡರಸ್ತ್ಯಾಗ ಮಾಡ್ರಿ, ಚೇಂಬರ್ ನಂಬರ್ ಹಾಕಿ ವಿಡಿಯೋ ಇಡ್ರಿ.

ನೀರಿನ ಲೆಕ್ಕ: ಒಬ್ಬರಿಗೆ ದಿನಕ್ಕ 135 ಲೀಟರ್, ಮನಿಗೆ 5 ಮಂದಿ, ಅಂದ್ರ 675 ಲೀಟರ್. 64 ಮನಿಗೆ 43,200. ಈಗಿರೋ 50,000 ಲೀಟರ್ ಟಾಕಿ ಒಮ್ಮೆ ತುಂಬಿದ್ರ ಸಾಕು. 180 ಮನಿ ಆದ್ರ 1,21,500, ಟಾಕಿ ದಿನಕ್ಕ ಎರಡೂವರಿ ಸಲ ತುಂಬಬೇಕು. ಬ್ಯಾಸಿಗ್ಯಾಗ ನಮ್ಮ ಬೋರಿಗೆ ಅಷ್ಟು ತಾಕತ್ತಿಲ್ಲ.

ಕರೆಂಟ್: 30 ವ್ಯಾಟಿನ 45 ದೀಪ, ರಾತ್ರಿ 11 ತಾಸು, ತಿಂಗಳಿಗೆ 445 ಯೂನಿಟ್. ಪಂಪು 7.5 ಎಚ್‌ಪಿ, ದಿನಕ್ಕ 6 ತಾಸು, 1,000 ಯೂನಿಟ್ ಮ್ಯಾಲೇ. ಎರಡೂ ಮೀಟರ್ ಈಗ ಡೆವಲಪರ್ ಹೆಸರಿನಾಗ ಅವ. ಕರೆಂಟ್ ಕಂಪನಿ ಜೆಸ್ಕಾಂನಾಗ ಹಳೇ ಬಾಕಿ ಇಲ್ಲ ಅಂತ ಖಾತ್ರಿ ಆಗದೇ ಹೆಸರು ಬದಲಿಗೆ ಒಪ್ಪಬಾರದು.

ಪ್ಲಾಟ್ 140: ಸಂಘ ಆದ ಮ್ಯಾಲ ಗೇಟ್ ಹಾಕಿ ವಾಚ್‌ಮನ್ ಇಟ್ರ ಹ್ಯಾಂಗ?

ಪ್ಲಾಟ್ 31: ಆ ಆಸೆ ಬಿಡ್ರಿ. ರಸ್ತೆ, ಪಾರ್ಕ್ ನಗರಾಭಿವೃದ್ಧಿ ಪ್ರಾಧಿಕಾರಕ್ಕ ಬರ್ಕೊಟ್ಟಿದ್ದು, ಸಾರ್ವಜನಿಕ ಆಸ್ತಿ. ನಾವು ಸ್ವಚ್ಛ ಇಡಬಹುದು, ಅಡ್ಡ ಹಾಕಂಗಿಲ್ಲ. ಮಂಜೂರಾದ ನಕ್ಷೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಾಗ ಬಡಾವಣೆ ಹೆಸರು ಹಾಕಿದ್ರ ಸಿಗ್ತದ. ಪ್ರಿಂಟ್ ತಗೊಂಡು ಪಾರ್ಕಿನ ನಾಕೂ ಮೂಲಿ ಟೇಪ್ ಹಿಡಿದು ಅಳೀರಿ. ಒತ್ತುವರಿ ಆಗೋದು ಪಾರ್ಕಿನ ಅಂಚಿನಾಗೇ.

ಪ್ಲಾಟ್ 112: ಕಾಗದಕ್ಕ ಉತ್ತರ ಏನಂತ ಬರಿಯೋಣು?

ಪ್ಲಾಟ್ 9: ಅರ್ಧಕ್ಕಿಂತ ಹೆಚ್ಚು ಪ್ಲಾಟ್ ಬುಕ್ ಆದ 3 ತಿಂಗಳೊಳಗ ಸಂಘ ಆಗೋಹಾಂಗ ಮಾಡೋದು ಡೆವಲಪರ್ ಕರ್ತವ್ಯ, 2016ರ ರೇರಾ ಕಾಯ್ದೆ 11ನೇ ಕಲಮು. ಸ್ವಾಧೀನ ಕೊಟ್ಟ 5 ವರ್ಷದೊಳಗ ಕೆಲಸದಾಗ, ಸೇವ್ಯಾಗ ದೋಷ ಕಂಡು ಬರವಣಿಗ್ಯಾಗ ತಿಳಿಸಿದ್ರ 30 ದಿನದಾಗ ರೊಕ್ಕ ತಗೋದೇ ಸರಿಮಾಡಬೇಕು, ಅದು 14ನೇದು. ಇವೆರಡೂ ಉತ್ತರದಾಗ ಬರಲಿ. ದೋಷಗಳ ಪಟ್ಟಿ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡ್ರಿ, ಒಂದು ಪ್ರತಿ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೆ. ಕಡೀ ಹಂತದ ಪ್ಲಾಟ್ ಮಾರಾಕ ಪ್ರಾಧಿಕಾರ ಇನ್ನೂ ಬಿಡುಗಡೆ ಮಾಡಿಲ್ಲ. ನಮ್ಮ ತಕರಾರು ಫೈಲಿನಾಗ ಇದ್ರ ಡೆವಲಪರ್ ತಾವಾಗೇ ಮಾತಿಗೆ ಬರ್ತಾರ.

ಪ್ಲಾಟ್ 67: ಖಾಲಿ ಪ್ಲಾಟಿನವರು ವಂತಿಗೆ ಕೊಡ್ಲಿಲ್ಲ ಅಂದ್ರ?

ಪ್ಲಾಟ್ 54: ದೀಪ, ಜಾಲಿಗಿಡ ಕಡಿಯೋ ಖರ್ಚು ಎಲ್ಲಾರ್ಗೂ ಸಮ. ಪಂಪಿನ ಕರೆಂಟ್ ಬರೇ ಮನಿ ಇದ್ದವರಿಗೆ. ಹಂಗ ಒಡೆದು ಕೇಳಿದ್ರ ದೂರಿದ್ದವರೂ ಕೊಡ್ತಾರ. ನೀರು ಬಂದ್ ಮಾಡೋ ಧಮ್ಕಿ ಬ್ಯಾಡ, ಕೇಸಿನಾಗ ನಾವೇ ಸಿಕ್ಕೊಳ್ತೀವಿ.

ಪ್ಲಾಟ್ 9: ನೋಂದಣಿ ಆಗಿ ಸುಮ್ಮನ ಕೂಡೋ ಸಂಘಗಳೇ ಭಾಳ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಅದಾದ 14 ದಿನದಾಗ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಸಲ್ಲಿಸಬೇಕು. ತಪ್ಪಿದ್ರ ದಂಡ. ಬ್ಯಾಂಕ್ ಖಾತೆಗೆ ಸಂಘದ ಹೆಸರಿನ ಪ್ಯಾನ್ ಬೇಕು, ಖಜಾಂಚಿ ಸ್ವಂತ ಖಾತ್ಯಾಗ ಒಂದು ರೂಪಾಯಿನೂ ಬ್ಯಾಡ.

ಪ್ಲಾಟ್ 88: ನಾವು ಪುಣೆದಾಗ ಇರ್ತೀವ್ರಿ. ಆ 7 ಮಂದ್ಯಾಗ ನನ್ನ ಹೆಸರು ಹಾಕ್ಬಹುದೇನು?

ಪ್ಲಾಟ್ 31: ಬ್ಯಾಡ್ರಿ ಅಕ್ಕೋರೆ, ತಿದ್ದುಪಡಿ ಬಂದಾಗೆಲ್ಲ ಸಹಿಗೆ ನೀವು ಓಡಿ ಬರಬೇಕಾಗ್ತದ. ಇಲ್ಲೇ ಇರೋ 11 ಮಂದಿ ಇರಲಿ, ನೀವು ಸದಸ್ಯತ್ವದ ಫಾರಂ ತುಂಬಿ ಪೋಸ್ಟ್ ಮಾಡ್ರಿ. ಇಲ್ಲಿದ್ದವರು ಐತವಾರ ಮುಂಜಾನೆ 7ಕ್ಕ ಟಾಕಿ ಹತ್ರ ಬರ್ರಿ. ಆಧಾರ್ ಜೆರಾಕ್ಸ್, ಎರಡು ಫೋಟೊ, ಖಾತಾ ಪ್ರತಿ ತರ್ರಿ. ಚೇಂಬರ್ ಎತ್ತಾಕ ಎರಡು ಹಾರಿ ಬೇಕು, ಯಾರ ಮನ್ಯಾಗ ಅವ ಹೇಳ್ರಿ.

ಪ್ಲಾಟ್ 140: ಒಂದು ನಾ ತರ್ತೀನಿ.